ಅಂಗೈಯ ಮೀಟರಿಗೆ ಎಷ್ಟು ಗೊತ್ತು?

ಮನೆಯ ವೈ-ಫೈ ರೂಟರ್ ಸಾಮಾನ್ಯವಾಗಿ 100 ಮಿಲಿವಾಟ್ ಆಸುಪಾಸಿನ ಶಕ್ತಿಯಲ್ಲಿ ಪ್ರಸಾರ ಮಾಡುತ್ತದೆ. ಅದು ಎಲ್ಲ ದಿಕ್ಕಿಗೂ ಸಮನಾಗಿ ಹರಡುತ್ತದೆ ಎಂದುಕೊಂಡರೆ, ಒಂದು ಮೀಟರ್ ದೂರದಲ್ಲಿ ಅದರ ತೀವ್ರತೆ ಚದರ ಮೀಟರಿಗೆ ಸುಮಾರು 8,000 ಮೈಕ್ರೋವಾಟ್ ಆಗುತ್ತದೆ. ಆದರೆ ಮನೆಯಲ್ಲಿ ಯಾರೂ ಇಂಟರ್ನೆಟ್ ಬಳಸದ ಹೊತ್ತಿನಲ್ಲಿ ರೂಟರಿಗೆ ಹೆಚ್ಚು ಕೆಲಸವಿಲ್ಲ. ಸೆಕೆಂಡಿಗೆ ಹತ್ತು ಸಲ ‘ನಾನಿಲ್ಲಿದ್ದೇನೆ’ ಎಂದು ಚುಟುಕಾಗಿ ಸಾರಿ ಸುಮ್ಮನಾಗುತ್ತದೆ. ಒಟ್ಟು ಕಾಲದ ನೂರರಲ್ಲೊಂದು ಪಾಲು ಮಾತ್ರ ಪ್ರಸಾರ ನಡೆಯುತ್ತದೆ ಎಂದಿಟ್ಟುಕೊಂಡರೆ ಸರಾಸರಿ ತೀವ್ರತೆ 80 ಮೈಕ್ರೋವಾಟಿಗೆ ಇಳಿಯುತ್ತದೆ. ಈಗ ಅದೇ ಜಾಗದಲ್ಲಿ ಅಲೆ ಅಳೆಯುವ ಎರಡು ಮೀಟರ್‌ಗಳನ್ನು ಹಿಡಿಯಿರಿ. ಮಿಡಿತದ ತುದಿಯನ್ನು ಹಿಡಿಯುವ ಮೀಟರ್ 8,000 ಎನ್ನುತ್ತದೆ, ಸರಾಸರಿ ತೆಗೆಯುವುದು 80 ಎನ್ನುತ್ತದೆ. ಎರಡೂ ಸುಳ್ಳು ಹೇಳುತ್ತಿಲ್ಲ.

ನಮ್ಮ ನಗರಗಳಲ್ಲಿ ಮೊಬೈಲ್ ಟವರ್ ಜಗಳ ಎದ್ದಾಗಲೆಲ್ಲ ಇಂಥ ಸಂಖ್ಯೆಗಳೇ ಸಾಕ್ಷಿಗೆ ನಿಲ್ಲುತ್ತವೆ. ಪಕ್ಕದ ಕಟ್ಟಡದ ತಾರಸಿಯ ಮೇಲೆ ಆಂಟೆನಾ ಬರುತ್ತದೆ, ಯಾರೋ ಆನ್‌ಲೈನಿನಲ್ಲಿ ಮೀಟರ್ ತರಿಸುತ್ತಾರೆ, ಕೆಂಪು ದೀಪ ಹೊತ್ತಿದ ಫೋಟೊ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿಗೆ ಬೀಳುತ್ತದೆ. ಕಂಪನಿಯ ಎಂಜಿನಿಯರ್ ಬಂದು ತನ್ನ ಮೀಟರ್ ಹಿಡಿದು ‘ಮಿತಿಯ ಶೇಕಡ ಒಂದರಷ್ಟೂ ಇಲ್ಲ’ ಎಂದು ಹೋಗುತ್ತಾನೆ. ಇಬ್ಬರ ಕೈಯಲ್ಲೂ ಸಂಖ್ಯೆ ಇದೆ, ಇಬ್ಬರೂ ಅಳತೆ ಮಾಡಿದ್ದಾರೆ. ಹಾಗಾದರೆ ಅಳೆದದ್ದು ಏನನ್ನು? ಈ ಪ್ರಶ್ನೆಯನ್ನು ಕೇಳದೆ ಆರೋಗ್ಯದ ಚರ್ಚೆಗೆ ಹಾರುವುದರಿಂದಲೇ ನಮ್ಮ ಟವರ್ ವಾದಗಳು ಇಪ್ಪತ್ತು ವರ್ಷಗಳಿಂದ ಒಂದೇ ಜಾಗದಲ್ಲಿ ಸುತ್ತುತ್ತಿವೆ ಎಂಬುದು ನನ್ನ ಅಭಿಪ್ರಾಯ.

ಕೈಯಲ್ಲಿ ಹಿಡಿದು ಅಲೆ ಹುಡುಕುವ ಕೆಲಸ ಈ ಅಲೆಗಳ ಶೋಧದಷ್ಟೇ ಹಳೆಯದು. 1886ರಿಂದ 1888ರ ನಡುವೆ ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಹೈನ್ರಿಕ್ ಹರ್ಟ್ಸ್ ಮಾಡಿದ್ದು ಇದನ್ನೇ. ಅವನ ಮೀಟರ್ ಎಂದರೆ ಬಳೆಯಾಕಾರಕ್ಕೆ ಬಗ್ಗಿಸಿದ ತಂತಿ ಮತ್ತು ಅದರ ತುದಿಗಳ ನಡುವೆ ಕೂದಲೆಳೆಯಷ್ಟು ಸಂದು. ಅಲೆ ಬಡಿದರೆ ಆ ಸಂದಿಯಲ್ಲಿ ಕಿಡಿ ಹಾರುತ್ತಿತ್ತು. ಕತ್ತಲು ಮಾಡಿದ ಉಪನ್ಯಾಸ ಕೊಠಡಿಯಲ್ಲಿ ಗೋಡೆಗೆ ಸತುವಿನ ತಗಡು ಹೊಡೆದು, ತಂತಿಯ ಬಳೆ ಹಿಡಿದು ಹಿಂದೆ ಮುಂದೆ ನಡೆದಾಗ ಕೆಲವು ಜಾಗಗಳಲ್ಲಿ ಕಿಡಿ ಜೋರಾಗಿತ್ತು, ಕೆಲವೆಡೆ ಆರಿಯೇಹೋಗುತ್ತಿತ್ತು. ಹೋಗುವ ಅಲೆಯೂ ತಗಡಿಗೆ ಬಡಿದು ಮರಳುವ ಅಲೆಯೂ ಸೇರಿ ಒಂದೆಡೆ ಕೂಡುತ್ತವೆ, ಇನ್ನೊಂದೆಡೆ ಕಳೆಯುತ್ತವೆ. ಆ ಏರಿಳಿತದಿಂದಲೇ ಅವನು ಅಲೆಯುದ್ದವನ್ನು ಲೆಕ್ಕ ಹಾಕಿದ. ಇಂದು ಮಲಗುವ ಕೋಣೆಯಲ್ಲಿ ಮೀಟರ್ ಹಿಡಿದವರನ್ನು ಕಂಗೆಡಿಸುವುದೂ ಇದೇ ಏರಿಳಿತ. ಅಂಗೈ ಅಗಲ ಆಚೀಚೆ ಸರಿಸಿದರೆ ಓದು ಹತ್ತು ಪಟ್ಟು ಬದಲಾಗುತ್ತದೆ. 900 ಮೆಗಾಹರ್ಟ್ಸ್ ಅಲೆಯ ಉದ್ದ 33 ಸೆಂಟಿಮೀಟರ್, ಹಾಗಾಗಿ ಏರಿನಿಂದ ಏರಿಗೆ ಸುಮಾರು 17 ಸೆಂಟಿಮೀಟರ್ ಅಂತರ. ವೈ-ಫೈಯ 2.4 ಗಿಗಾಹರ್ಟ್ಸ್‌ನಲ್ಲಿ ಅದು ಆರು ಸೆಂಟಿಮೀಟರ್ ಚಿಲ್ಲರೆ. ದಿಂಬಿನ ಎಡಗಡೆ ‘ಅಪಾಯ’, ಬಲಗಡೆ ‘ಸುರಕ್ಷಿತ’ ಎಂದು ಮೀಟರ್ ತೋರಿಸಿದರೆ ಅದು ದಿಂಬಿನ ಗುಣವಲ್ಲ, ಆ ಕ್ಷಣಕ್ಕೆ ಕೋಣೆಯ ಗೋಡೆ, ಕಬ್ಬಿಣದ ಬೀರು, ಅಳೆಯುವವನ ಮೈ ಎಲ್ಲ ಸೇರಿ ಬರೆದ ಚಿತ್ತಾರ.

ಇದರಲ್ಲಿ ಭಾರತದ ಪಾಲೂ ಇದೆ. 1895ರಲ್ಲಿ ಕಲ್ಕತ್ತದಲ್ಲಿ ಜಗದೀಶ ಚಂದ್ರ ಬೋಸರು ಹರ್ಟ್ಸ್‌ನ ಅಲೆಗಳನ್ನು ಕುಗ್ಗಿಸಿ ಮಿಲಿಮೀಟರ್ ಗಾತ್ರಕ್ಕೆ ತಂದರು, ಮತ್ತು ಮುಂದೆ ಅವನ್ನು ಹಿಡಿಯಲು ಗೆಲೀನಾ ಎಂಬ ಸೀಸದ ಅದಿರಿನ ಹರಳನ್ನು ಬಳಸಿದರು. ಆ ಹರಳಿನ ಶೋಧಕಕ್ಕೆ ಅಮೆರಿಕದ ಪೇಟೆಂಟ್ ಸಿಕ್ಕಿದ್ದು 1904ರಲ್ಲಿ. ಹರಳು ಮತ್ತು ಲೋಹ ಮುಟ್ಟುವ ಕಡೆ ಅಲೆಯ ಒಂದು ಬದಿ ಹಾದುಹೋಗುತ್ತದೆ, ಇನ್ನೊಂದು ಬದಿ ನಿಲ್ಲುತ್ತದೆ. ಹೀಗೆ ವೇಗದ ಅಲೆ ಅಳೆಯಬಲ್ಲ ಏಕಮುಖ ವೋಲ್ಟೇಜಾಗುತ್ತದೆ. ಈಗಿನ ಅಗ್ಗದ ಮೀಟರ್ ಬಿಚ್ಚಿದರೂ ಆಂಟೆನಾದ ಬುಡದಲ್ಲಿ ಸಿಗುವುದು ಅದೇ ವಂಶದ ಡಯೋಡ್ ಅಥವಾ ಅದರ ಸುತ್ತ ಕಟ್ಟಿದ ಚಿಪ್. ಬೋಸರು ಬಳಸಿದ ಸುಮಾರು 60 ಗಿಗಾಹರ್ಟ್ಸ್ ಅಲೆಗಳನ್ನು ಮಾತ್ರ ಇಂದಿನ ಮನೆಬಳಕೆಯ ಮೀಟರ್‌ಗಳು ಹಿಡಿಯಲಾರವು!

ಮೀಟರ್‌ಗಳ ಪೇಟೆಗೆ ಬರೋಣ. ಮೊದಲು ಬದಿಗಿಡಬೇಕಾದದ್ದು ಫೋನಿನಲ್ಲಿ ಪುಕ್ಕಟೆ ಸಿಗುವ ‘ಇಎಂಎಫ್ ಡಿಟೆಕ್ಟರ್’ ಆ್ಯಪ್‌ಗಳನ್ನು. ಅವು ಬಳಸುವುದು ದಿಕ್ಸೂಚಿಗಾಗಿ ಫೋನಿನೊಳಗೆ ಇಟ್ಟಿರುವ ಕಾಂತಸಂವೇದಕವನ್ನು. ಅದಕ್ಕೆ ಭೂಮಿಯ ಕಾಂತಕ್ಷೇತ್ರ ಗೊತ್ತು. ನಮ್ಮ ಕಡೆ ಅದು 40 ಮೈಕ್ರೋಟೆಸ್ಲಾ ಆಸುಪಾಸು. ಕಬ್ಬಿಣದ ಬಾಗಿಲು, ಸ್ಪೀಕರಿನ ಅಯಸ್ಕಾಂತ ಗೊತ್ತು. ಟವರಿನ ಅಲೆ ಸ್ವಲ್ಪವೂ ಗೊತ್ತಿಲ್ಲ. ಕೆಲವು ನೂರು ರೂಪಾಯಿಯ ಪುಟ್ಟ ಡಬ್ಬಿಗಳಲ್ಲಿ ಹಲವು 50 ಹರ್ಟ್ಸ್‌ನ ಮನೆ ಕರೆಂಟಿನ ಕ್ಷೇತ್ರವನ್ನೇ ಎಲ್ಲದರ ಜತೆ ಕಲಸಿ ದೀಪ ಹೊತ್ತಿಸುತ್ತವೆ.

ಇವುಗಳ ಮೇಲಿನ ಹಂತದಲ್ಲಿ ನಿಜಕ್ಕೂ ರೇಡಿಯೊ ಅಲೆ ಅಳೆಯುವ ಮೀಟರ್‌ಗಳಿವೆ. ಅಮೆರಿಕದ ಟ್ರೈಫೀಲ್ಡ್ ಟಿಎಫ್2 ಹಿಡಿಯುವುದು 20 ಮೆಗಾಹರ್ಟ್ಸ್‌ನಿಂದ 6 ಗಿಗಾಹರ್ಟ್ಸ್‌ವರೆಗೆ. ಜರ್ಮನಿಯ ಗಿಗಾಹರ್ಟ್ಸ್ ಸೊಲ್ಯೂಷನ್ಸ್ ಕಂಪನಿಯ ಎಚ್‌ಎಫ್35ಸಿ ಮೀನಿನ ಮುಳ್ಳಿನಾಕಾರದ ಆಂಟೆನಾ ಮೂತಿಗೆ ಸಿಕ್ಕಿಸಿಕೊಂಡು 800 ಮೆಗಾಹರ್ಟ್ಸ್‌ನಿಂದ ಸುಮಾರು 2.7 ಗಿಗಾಹರ್ಟ್ಸ್‌ವರೆಗೆ ನೋಡುತ್ತದೆ. ಈ ಎರಡು ಸಾಲುಗಳಲ್ಲೇ ಒಂದು ದೊಡ್ಡ ಎಚ್ಚರಿಕೆ ಇದೆ. ಬೆಂಗಳೂರಿನಲ್ಲಿ 101.3ರ ಎಫ್‌ಎಂ ರೇನ್‌ಬೋ ಎಷ್ಟು ಜೋರಾಗಿದ್ದರೂ ಎರಡನೆಯ ಮೀಟರಿಗೆ ಅದು ಇಲ್ಲ. ನಮ್ಮಲ್ಲಿ 2022ರ ಅಕ್ಟೋಬರ್ 1ರಂದು ಶುರುವಾದ 5ಜಿಯ ಮುಖ್ಯ ಪಟ್ಟಿ 3.3 ಗಿಗಾಹರ್ಟ್ಸ್‌ನಿಂದ ಮೇಲೆ. ಅದೂ ಅದರ ವ್ಯಾಪ್ತಿಯ ಹೊರಗೆ. ‘5ಜಿ ಬಂದ ಮೇಲೂ ನಮ್ಮ ಮನೆಯ ಓದು ಏರಿಲ್ಲ’ ಎಂದು ಯಾರಾದರೂ ಹೇಳಿದರೆ ಮೊದಲು ಕೇಳಬೇಕಾದದ್ದು ಮೀಟರಿನ ಹೆಸರನ್ನು. ಪತ್ತೇದಾರನ ಕಣ್ಣಿಗೆ ಬೀಳದ್ದು ನಡೆದೇ ಇಲ್ಲ ಎನ್ನುವ ಹಾಗಿಲ್ಲವಲ್ಲ.

ಆ ಮೀನಿನ ಮುಳ್ಳಿನ ಆಂಟೆನಾಕ್ಕೆ ಮುಖವಿದೆ. ಯಾವ ಕಡೆ ತಿರುಗಿಸುತ್ತೀರೋ ಆ ಕಡೆಯದು ಹೆಚ್ಚು ಕೇಳುತ್ತದೆ. ಅಡ್ಡ ಹಿಡಿದರೆ ಒಂದು ಓದು, ನೆಟ್ಟಗೆ ಹಿಡಿದರೆ ಇನ್ನೊಂದು. ಅಲೆ ಎಲ್ಲಿಂದ ಬರುತ್ತಿದೆ ಎಂದು ಪತ್ತೆಹಚ್ಚಲು ಇದು ವರ, ಒಟ್ಟು ಎಷ್ಟು ಎಂದು ಹೇಳಲು ತೊಡಕು. ಪರಿಣತರು ಬಳಸುವ ಮೂರು ಅಕ್ಷದ ಪ್ರೋಬ್ ಎಲ್ಲ ದಿಕ್ಕಿನದನ್ನೂ ಕೂಡಿಸಿ ಹೇಳುತ್ತದೆ. ನಾರ್ಡಾ ಕಂಪನಿಯ ಎಸ್‌ಆರ್‌ಎಂ-3006ರಂಥ ಉಪಕರಣ ಇನ್ನೂ ಮುಂದೆ ಹೋಗಿ, ಎಫ್‌ಎಂ ಎಷ್ಟು, 900 ಎಷ್ಟು, 1800 ಎಷ್ಟು ಎಂದು ಬಿಡಿಬಿಡಿಯಾಗಿ ಲೆಕ್ಕ ಕೊಡುತ್ತದೆ. ಅದು ಮನೆಬಳಕೆಯವರ ಕೈಗೆಟುಕುವ ಬೆಲೆಯದಲ್ಲ. ಎಲೆಕ್ಟ್ರಾನಿಕ್ಸ್ ಓದುವ ಹುಡುಗರು ಈಗ ಅಗ್ಗದ ಟೈನಿಎಸ್‌ಎ ಅಥವಾ ಯುಎಸ್‌ಬಿ ರೇಡಿಯೊ ಡಾಂಗಲ್ ಇಟ್ಟುಕೊಂಡು ಈ ಬಿಡಿ ಲೆಕ್ಕದ ರುಚಿ ನೋಡುತ್ತಿದ್ದಾರೆ. ಆದರೆ ಅವು ತೋರಿಸುವುದು ತಂತಿಯೊಳಗೆ ಬಂದ ಶಕ್ತಿಯನ್ನು. ಅದನ್ನು ಗಾಳಿಯಲ್ಲಿದ್ದ ತೀವ್ರತೆಯಾಗಿ ಬದಲಿಸಲು ಆಂಟೆನಾದ ಗುಣಾಂಕ ಗೊತ್ತಿರಬೇಕು.

ನಿಖರತೆಯ ಮಾತು ಬಂದರೆ ಕೈಪಿಡಿಯ ಕೊನೆಯ ಪುಟ ಓದಬೇಕು. ಅಗ್ಗದ ವರ್ಗದ ಮೀಟರ್‌ಗಳಲ್ಲಿ ‘6 ಡೆಸಿಬೆಲ್ ಹೆಚ್ಚು ಕಡಿಮೆ’ ಎಂಬುದು ಅಪರೂಪವಲ್ಲ. ಬಿಡಿಸಿ ಹೇಳಿದರೆ, 1,000 ಎಂದು ಪರದೆ ತೋರಿಸುವಾಗ ನಿಜ 250 ಇರಬಹುದು, 4,000ವೂ ಇರಬಹುದು. ಪರದೆಯ ಮೇಲೆ ದಶಮಾಂಶದ ನಂತರ ಎರಡು ಅಂಕಿ ಕಂಡ ಕೂಡಲೇ ನಮಗೆ ಅದು ಅಕ್ಕಸಾಲಿಗನ ತಕ್ಕಡಿ ಎನಿಸಿಬಿಡುತ್ತದೆ. ಇಷ್ಟಾದರೂ ಈ ಮೀಟರ್ ನಿಷ್ಪ್ರಯೋಜಕವಲ್ಲ. ಅದೇ ಮೀಟರ್, ಅದೇ ಕೈ, ಅದೇ ಜಾಗ ಇದ್ದಾಗ ಕಿಟಕಿಗೆ ಲೋಹದ ಜಾಲರಿ ಹಾಕುವ ಮುಂಚೆ ಎಷ್ಟಿತ್ತು, ಹಾಕಿದ ಮೇಲೆ ಎಷ್ಟು ಎಂಬ ಹೋಲಿಕೆಯನ್ನು ಅದು ಚೆನ್ನಾಗಿಯೇ ಮಾಡುತ್ತದೆ. ತೀರ್ಪು ಕೊಡು ಎಂದು ಕೇಳಿದಾಗ ಮಾತ್ರ ಅದು ತನ್ನ ಯೋಗ್ಯತೆ ಮೀರುತ್ತದೆ.

ಶಿಖರ ಮತ್ತು ಸರಾಸರಿಯ ಗೊಂದಲ ಮೇಲೆ ಹೇಳಿದ ರೂಟರಿಗಷ್ಟೇ ಸೀಮಿತವಲ್ಲ. ಹಳೆಯ 2ಜಿ ಫೋನು ಒಂದು ಕಾಲದ ಚೌಕಟ್ಟನ್ನು ಎಂಟು ಪಾಲು ಮಾಡಿ ಒಂದರಲ್ಲಿ ಮಾತ್ರ ಪ್ರಸಾರ ಮಾಡುತ್ತದೆ. ಮಿಡಿತದಲ್ಲಿ ಗರಿಷ್ಠ 2 ವಾಟ್, ಸರಾಸರಿ ಕಾಲು ವಾಟ್. ಸೆಕೆಂಡಿಗೆ 217 ಬಾರಿ ಬರುವ ಆ ಮಿಡಿತವೇ, ಕರೆ ಬರುವ ಮುನ್ನ ಟಿವಿಯ ಅಥವಾ ಟೇಪ್ ರೆಕಾರ್ಡರಿನ ಸ್ಪೀಕರಿನಲ್ಲಿ ಕೇಳುತ್ತಿದ್ದ ‘ಟಕಟಕ, ಟಕಟಕ’. ಧ್ವನಿ ಹೊರಡಿಸುವ ಮೀಟರ್‌ಗಳಲ್ಲಿ ಈ ಲಯಗಳನ್ನು ಕಿವಿಯಿಂದಲೇ ಗುರುತಿಸಬಹುದು. ರೂಟರಿನದು ಸೆಕೆಂಡಿಗೆ ಹತ್ತರ ಟಿಕ್ ಟಿಕ್, 2ಜಿಯದು ಗುಂಯ್‌ಗುಡುವಿಕೆ, 4ಜಿಯದು ಮಳೆ ಸುರಿದಂತೆ. ಯಾವುದು ಯಾವ ಮೂಲದ್ದೆಂದು ತಿಳಿಯಲು ಇಷ್ಟು ಸುಲಭದ ದಾರಿ ಬೇರಿಲ್ಲ. ಇಷ್ಟು ಚೆನ್ನಾಗಿ ಹೆದರಿಸುವ ದಾರಿಯೂ ಬೇರಿಲ್ಲ, ಏಕೆಂದರೆ ಧ್ವನಿಯ ಜೋರಿಗೂ ಅಪಾಯಕ್ಕೂ ಸಂಬಂಧ ಕಲ್ಪಿಸದೆ ಇರಲು ನಮ್ಮ ಕಿವಿಗೆ ಬರುವುದಿಲ್ಲ. ವಿಮಾನ ನಿಲ್ದಾಣದ ರಾಡಾರ್ ಇದಕ್ಕೆ ತೀವ್ರ ಉದಾಹರಣೆ. ಅದರ ಮಿಡಿತ ಭಾರಿ, ಸರಾಸರಿ ಅದರ ಸಾವಿರದಲ್ಲೊಂದು ಪಾಲಿನ ಆಸುಪಾಸು.

ಮಿತಿಗಳನ್ನು ನಿಗದಿ ಮಾಡುವವರೂ ಈ ವಿಷಯದಲ್ಲಿ ಒಂದೇ ಭಾಷೆ ಆಡುವುದಿಲ್ಲ. ಐಸಿಎನ್‌ಐಆರ್‌ಪಿ ಎಂಬ ಅಂತಾರಾಷ್ಟ್ರೀಯ ಆಯೋಗದ 1998ರ ಮಾರ್ಗಸೂಚಿ ಆರು ನಿಮಿಷದ ಸರಾಸರಿಯನ್ನು ಕೇಳುತ್ತದೆ, ಏಕೆಂದರೆ ಅದರ ಆಧಾರ ಅಂಗಾಂಶ ಬಿಸಿಯಾಗುವುದು. ಅದರ 2020ರ ಪರಿಷ್ಕರಣೆ ಇಡೀ ದೇಹಕ್ಕೆ ಅರ್ಧ ಗಂಟೆಯ ಸರಾಸರಿಯನ್ನು ಕೇಳುತ್ತದೆ. ಭಾರತ 2008ರಲ್ಲಿ ಆ 1998ರ ಮಾರ್ಗಸೂಚಿಯನ್ನು ಒಪ್ಪಿ, 2012ರ ಸೆಪ್ಟೆಂಬರ್ 1ರಿಂದ ಟವರ್‌ಗಳಿಗೆ ಅದರ ಹತ್ತನೇ ಒಂದು ಪಾಲನ್ನು ಮಿತಿಯಾಗಿಸಿತು. ಅದರಂತೆ 900 ಮೆಗಾಹರ್ಟ್ಸ್‌ನಲ್ಲಿ ಚದರ ಮೀಟರಿಗೆ 0.45 ವಾಟ್, 1800ರಲ್ಲಿ 0.9, 2 ಗಿಗಾಹರ್ಟ್ಸ್ ದಾಟಿದ ಮೇಲೆ 1 ವಾಟ್. ಇನ್ನೊಂದು ತುದಿಯಲ್ಲಿ ಜರ್ಮನಿಯ ‘ಕಟ್ಟಡ ಜೀವಶಾಸ್ತ್ರ’ ಗುಂಪಿನ ಮಾರ್ಗಸೂಚಿ ಇದೆ. ಮಲಗುವ ಜಾಗಕ್ಕೆ ಅದು 10 ಮೈಕ್ರೋವಾಟ್ ದಾಟಿದರೆ ‘ತೀವ್ರ’ ಎನ್ನುತ್ತದೆ, 1,000 ದಾಟಿದರೆ ‘ಅತಿ ತೀವ್ರ’. ಅಳೆಯಲು ಹೇಳುವುದು ಶಿಖರ ಮೌಲ್ಯವನ್ನು. ಈಗ ಆರಂಭದ ರೂಟರನ್ನು ಇಟ್ಟು ನೋಡಿ. ಈ ಗುಂಪಿನ ಪ್ರಕಾರ 8,000 ಎಂಬುದು ಕೆಂಪಿಗಿಂತ ಕೆಂಪು. ಭಾರತ ಟವರಿಗೆ ಹಾಕಿದ ಮಿತಿಯ ಪಕ್ಕ ಇಟ್ಟರೆ, ಅಂದರೆ 10 ಲಕ್ಷ ಮೈಕ್ರೋವಾಟಿನ ಎದುರು, ಶೇಕಡ ಒಂದಕ್ಕೂ ಕಡಿಮೆ. ಅಪಾರ್ಟ್‌ಮೆಂಟಿನವರ ಮೀಟರಿನ ಕೆಂಪು ದೀಪ ಯಾವ ಮಿತಿಗೆ ಹೊತ್ತುವಂತೆ ಕಾರ್ಖಾನೆಯಲ್ಲಿ ಹೊಂದಿಸಿದ್ದಾರೆ ಎಂಬುದೇ ಅರ್ಧ ಜಗಳ. ದೀಪದ ಬಣ್ಣ ಅಳತೆಯಲ್ಲ, ಒಬ್ಬರ ಅಭಿಪ್ರಾಯ. ಹತ್ತು ನಿಮಿಷದ ಆಲಿಕಲ್ಲು ಮಳೆಯ ರಭಸವನ್ನು ದಿನವಿಡೀ ಸುರಿದ ಮಳೆ ಎಂದು ಬರೆದುಕೊಂಡರೆ ಕೆರೆ ಕೋಡಿ ಬಿದ್ದಿರಬೇಕು. ಆದರೆ ಆಲಿಕಲ್ಲಿನಿಂದ ಹೆಂಚು ಒಡೆಯಿತೇ ಎಂದು ತಿಳಿಯಲು ದಿನದ ಸರಾಸರಿಯಿಂದ ಪ್ರಯೋಜನವಿಲ್ಲ. ಯಾವುದು ಮುಖ್ಯ ಎಂಬುದು ಹಾನಿ ಹೇಗಾಗುತ್ತದೆ ಎಂಬ ನಂಬಿಕೆಯ ಮೇಲೆ ನಿಂತಿದೆ. ಅದನ್ನು ಮೀಟರ್ ಹೇಳಲಾರದು.

ಆ ನಂಬಿಕೆಯ ಸ್ಥಿತಿ ಸುಮಾರಾಗಿ ಹೀಗಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2011ರಲ್ಲಿ ರೇಡಿಯೊ ಅಲೆಗಳನ್ನು ‘ಬಹುಶಃ ಕ್ಯಾನ್ಸರ್‌ಕಾರಕವಿರಬಹುದು’ ಎಂಬ 2ಬಿ ಗುಂಪಿಗೆ ಸೇರಿಸಿತು. ಅದೇ ವಿಶ್ವ ಆರೋಗ್ಯ ಸಂಸ್ಥೆ ಮಾಡಿಸಿದ ದೊಡ್ಡ ಪರಾಮರ್ಶೆಯೊಂದು 2024ರಲ್ಲಿ ಮೊಬೈಲ್ ಬಳಕೆಗೂ ಮೆದುಳಿನ ಕ್ಯಾನ್ಸರಿಗೂ ನಂಟು ಕಾಣಲಿಲ್ಲ ಎಂದಿತು. ಇಷ್ಟನ್ನು ಇಲ್ಲಿ ಬಿಟ್ಟು ಮುಂದೆ ಹೋಗುತ್ತೇನೆ.

ಟವರಿನ ಸುತ್ತ ಅಳೆದವರಿಗೆ ಬೇಗ ಅನುಭವಕ್ಕೆ ಬರುವುದು ಆಂಟೆನಾದ ವರ್ತನೆ. ಅಲೆ ಟವರಿನ ಬುಡಕ್ಕೆ ಸುರಿಯುವುದಿಲ್ಲ, ತುಸು ಕೆಳಮುಖವಾಗಿ ಮುಂದಕ್ಕೆ ಚಾಚುತ್ತದೆ. ಬುಡದಲ್ಲಿ ನಿಂತು ಅಳೆದು ‘ಏನೂ ಇಲ್ಲ’ ಎನ್ನುವುದು ಸುಲಭ. ಎದುರಿನ ರಸ್ತೆಯಲ್ಲಿ ಆಂಟೆನಾದ ಎತ್ತರಕ್ಕೇ ಇರುವ ಮೂರನೆಯ ಮಹಡಿಯ ಬಾಲ್ಕನಿಗೆ ಹೋಗಿ ಅಳೆಯಬೇಕು. ಒಂದು ಲೆಕ್ಕ ನೋಡಿ. 20 ವಾಟ್ ಪಡೆದು ಅದನ್ನು ಒಂದು ದಿಕ್ಕಿಗೆ ಐವತ್ತು ಪಟ್ಟು ಒಗ್ಗೂಡಿಸುವ ಆಂಟೆನಾದ ನೇರ ಎದುರು, 50 ಮೀಟರ್ ದೂರದಲ್ಲಿ ಬರುವುದು ಚದರ ಮೀಟರಿಗೆ 32 ಮಿಲಿವಾಟ್ ಸುಮಾರು. 900 ಮೆಗಾಹರ್ಟ್ಸ್‌ನ ಭಾರತೀಯ ಮಿತಿಯ ಶೇಕಡ 7. ದೂರ ಎರಡು ಪಟ್ಟಾದರೆ ತೀವ್ರತೆ ಕಾಲು ಭಾಗ. ಈಗ 4ಜಿ ಫೋನನ್ನು ತೆಗೆದುಕೊಳ್ಳಿ. ಅದರ ಗರಿಷ್ಠ ಪ್ರಸಾರ 200 ಮಿಲಿವಾಟ್. ಮುಖದಿಂದ 30 ಸೆಂಟಿಮೀಟರ್ ದೂರದಲ್ಲಿ ಅದು ಕೊಡುವುದು ಚದರ ಮೀಟರಿಗೆ ಸುಮಾರು 177 ಮಿಲಿವಾಟ್. ಎದುರು ಮನೆಯ ಟವರಿಗಿಂತ ಐದು ಪಟ್ಟಿಗೂ ಹೆಚ್ಚು. ಟ್ರೈಫೀಲ್ಡ್‌ನಂಥ ಮೀಟರಿನ ಮಾಪಕ 20 ಮಿಲಿವಾಟಿಗೇ ಮುಗಿದುಹೋಗುವುದರಿಂದ ಅದರ ಪರದೆ ಇದನ್ನು ತೋರಿಸಲಾರದು. ಟವರ್ ದುರ್ಬಲವಾಗಿರುವ ಕಡೆ ಫೋನು ದನಿ ಏರಿಸುತ್ತದೆ. ಹತ್ತಿರದ ಟವರನ್ನು ಓಡಿಸಿದ ಬಡಾವಣೆಯಲ್ಲಿ ಪ್ರತಿ ಕಿವಿಯ ಪಕ್ಕದ ಫೋನೂ ಹೆಚ್ಚು ಕೂಗಬೇಕಾಗುತ್ತದೆ. ಈ ಮಾತನ್ನು ಟವರ್ ವಿರೋಧಿ ಸಭೆಗಳಲ್ಲಿ ಹೇಳಿದರೆ ಕಂಪನಿಯ ಪರ ಎಂಬ ಹಣೆಪಟ್ಟಿ ಸಿಗುತ್ತದೆ. ಲೆಕ್ಕ ಮಾತ್ರ ಯಾರ ಪರವೂ ಅಲ್ಲ.

ಕಿವಿಗೆ ಒತ್ತಿಟ್ಟ ಫೋನಿನ ವಿಷಯದಲ್ಲಂತೂ ಅಂಗೈ ಮೀಟರ್ ಕೈಚೆಲ್ಲುತ್ತದೆ. ಅಲೆಯುದ್ದಕ್ಕಿಂತ ಹತ್ತಿರದಲ್ಲಿ ವಿದ್ಯುತ್ ಕ್ಷೇತ್ರವೂ ಕಾಂತ ಕ್ಷೇತ್ರವೂ ಇನ್ನೂ ಒಂದು ಶಿಸ್ತಿಗೆ ಬಂದಿರುವುದಿಲ್ಲ. ಚದರ ಮೀಟರಿಗೆ ಇಷ್ಟು ಎಂಬ ಮಾತಿಗೇ ಅಲ್ಲಿ ಅರ್ಥವಿಲ್ಲ. ಅದಕ್ಕೇ ಅಲ್ಲಿ ಎಸ್‌ಎಆರ್ ಎಂಬ ಬೇರೆ ಅಳತೆ. ತಲೆಯಾಕಾರದ ಅಚ್ಚಿನಲ್ಲಿ ಅಂಗಾಂಶದ ಗುಣವಿರುವ ದ್ರವ ತುಂಬಿ, ಫೋನನ್ನು ಒತ್ತಿಟ್ಟು, ರೋಬೋ ಕೈ ಒಳಗೆ ಸೂಜಿಯಂಥ ಪ್ರೋಬ್ ಆಡಿಸಿ ಎಷ್ಟು ಶಕ್ತಿ ಹೀರಿಕೊಂಡಿತು ನೋಡುತ್ತದೆ. ಭಾರತದಲ್ಲಿ ಮಿತಿ ಒಂದು ಗ್ರಾಂ ಅಂಗಾಂಶದ ಸರಾಸರಿಯಲ್ಲಿ ಕಿಲೋಗೆ 1.6 ವಾಟ್. *#07# ಒತ್ತಿದರೆ ಹಲವು ಫೋನುಗಳಲ್ಲಿ ಅವುಗಳ ಎಸ್‌ಎಆರ್ ಮೌಲ್ಯ ಪರದೆಯ ಮೇಲೆ ಬರುತ್ತದೆ. 2020ರ ಅಕ್ಟೋಬರಿನಲ್ಲಿ ರಾಷ್ಟ್ರೀಯ ಕಾಮಧೇನು ಆಯೋಗ ಸಗಣಿಯ ‘ಚಿಪ್’ ಒಂದನ್ನು ತೋರಿಸಿ ಮೊಬೈಲ್ ವಿಕಿರಣ ಇಳಿಯುತ್ತದೆ ಎಂದಾಗ ಆಗಬೇಕಿದ್ದದ್ದು ಈ ಪರೀಕ್ಷೆ. ಅಂಥ ಯಾವ ಬಿಲ್ಲೆಯಾದರೂ ನಿಜಕ್ಕೂ ಅಲೆಗೆ ಅಡ್ಡ ಬಂದರೆ ಫೋನು ಟವರನ್ನು ಮುಟ್ಟಲು ಶಕ್ತಿ ಏರಿಸಿಕೊಳ್ಳುತ್ತದೆ ಎಂಬುದೇ ಇದರ ತಮಾಷೆ.

ಅಡುಗೆಮನೆಯ ಮೈಕ್ರೋವೇವ್ ಓವನ್ನಿನ ಕಥೆ ಸ್ವಲ್ಪ ಬೇರೆ. ಬಾಗಿಲಿನಿಂದ 5 ಸೆಂಟಿಮೀಟರ್ ದೂರದಲ್ಲಿ ಚದರ ಮೀಟರಿಗೆ 50 ವಾಟ್ ಸೋರಿಕೆಯವರೆಗೆ ಅಂತಾರಾಷ್ಟ್ರೀಯ ಮಾನದಂಡ ಒಪ್ಪುತ್ತದೆ. ಮನೆಯ ಮೀಟರ್ ಆ ಮಿತಿಯ ಎಷ್ಟೋ ಕೆಳಗೇ ಕೈಚೆಲ್ಲಿ ಕಿರುಚುವುದರಿಂದ, ಹೊಸ ಓವನ್ನೂ ಕೆಟ್ಟ ಓವನ್ನೂ ಅದಕ್ಕೆ ಒಂದೇ. ಎರಡು ಮೀಟರ್ ಹಿಂದೆ ಸರಿದರೆ ಮಾತ್ರ ಅದು ಮತ್ತೆ ಮಾತಿಗೆ ಬರುತ್ತದೆ.

ಅಧಿಕೃತ ಅಳತೆ ಬೇಕೆನ್ನುವವರಿಗೆ ದಾರಿಯಿದೆ. 2017ರ ಮೇ ತಿಂಗಳಲ್ಲಿ ದೂರಸಂಪರ್ಕ ಇಲಾಖೆ ಆರಂಭಿಸಿದ ತರಂಗ್ ಸಂಚಾರ್ ಜಾಲತಾಣದಲ್ಲಿ ನಿಮ್ಮ ಸುತ್ತಲಿನ ಟವರ್‌ಗಳು ನಕ್ಷೆಯ ಮೇಲೆ ಕಾಣುತ್ತವೆ. 4,000 ರೂಪಾಯಿ ಕಟ್ಟಿದರೆ ಇಲಾಖೆಯ ಕ್ಷೇತ್ರ ಘಟಕ ಬಂದು ಅಳೆಯುವ ವ್ಯವಸ್ಥೆಯನ್ನು ಅದರಲ್ಲೇ ಇಟ್ಟಿದ್ದಾರೆ. ವಿಧಾನವನ್ನು ಬರೆದಿರುವುದು ದೂರಸಂಪರ್ಕ ಎಂಜಿನಿಯರಿಂಗ್ ಕೇಂದ್ರ. ಮೊದಲು ಕಾಗದದ ಮೇಲೆ ಲೆಕ್ಕ, ಬೇಕಾದರೆ ಎಲ್ಲವನ್ನೂ ಒಟ್ಟಿಗೆ ಹಿಡಿಯುವ ಮೀಟರ್, ಅದೂ ಸಾಲದಿದ್ದರೆ ಆವರ್ತನ ಬಿಡಿಸಿ ಹೇಳುವ ಉಪಕರಣ. ಒಂದೊಂದು ಆವರ್ತನದ ಓದನ್ನೂ ಅದರದರ ಮಿತಿಯಿಂದ ಭಾಗಿಸಿ, ಎಲ್ಲ ಭಾಗಲಬ್ಧಗಳ ಮೊತ್ತ ಒಂದನ್ನು ದಾಟಬಾರದು ಎಂಬುದು ನಿಯಮ. ಮಿತಿಗಳೇ ಆವರ್ತನಕ್ಕೊಂದು ಇರುವಾಗ, ಒಂದೇ ಸಂಖ್ಯೆ ತೋರಿಸುವ ಅಂಗೈ ಮೀಟರ್ ಕಾನೂನಿನ ಪ್ರಶ್ನೆಗೆ ಉತ್ತರ ಕೊಡಲಾರದು ಎಂಬುದು ಇದರಿಂದಲೇ ಸ್ಪಷ್ಟ. ಹಾಗೆಂದು ಅಧಿಕೃತ ಅಳತೆಗೆ ಕೊರತೆ ಇಲ್ಲವೆಂದಲ್ಲ. ಅದು ಒಂದು ಹಗಲಿನ ಕೆಲವು ನಿಮಿಷಗಳ ಚಿತ್ರ. ಸಂಜೆ ಎಂಟಕ್ಕೆ ಇಡೀ ಬೀದಿ ಕ್ರಿಕೆಟ್ ನೋಡುವಾಗಿನದಲ್ಲ. ಯುರೋಪಿನ ಹಲವು ಊರುಗಳಲ್ಲಿ ಕಂಬಕ್ಕೆ ಕಟ್ಟಿದ ಮಾಪಕಗಳು ತಿಂಗಳುಗಟ್ಟಲೆ ಬರೆದುಕೊಳ್ಳುತ್ತಿರುತ್ತವೆ. ನಮ್ಮ ನಗರಗಳಿಗೆ ಬೇಕಾದದ್ದು ಅದು. ಜನರ ಅನುಮಾನಕ್ಕೆ ಕಂಪನಿಯ ಪ್ರಮಾಣಪತ್ರಕ್ಕಿಂತ ವಾರದ ರೇಖಾಚಿತ್ರ ಒಳ್ಳೆಯ ಉತ್ತರವಾದೀತು.

5ಜಿ ಈ ಲೆಕ್ಕವನ್ನೆಲ್ಲ ಇನ್ನಷ್ಟು ಜಟಿಲ ಮಾಡಿದೆ. ಹಳೆಯ ಆಂಟೆನಾ ತನ್ನ ಪಾಲಿನ ಬೀದಿಗೆಲ್ಲ ಸದಾ ಅಲೆ ಚೆಲ್ಲುತ್ತಿತ್ತು. 3.5 ಗಿಗಾಹರ್ಟ್ಸ್‌ನ ಹೊಸ ಆಂಟೆನಾ ಕೇಳಿದವನ ಕಡೆಗೆ ಮಾತ್ರ, ಕೇಳಿದಷ್ಟು ಹೊತ್ತು ಮಾತ್ರ ಕಿರಣವನ್ನು ತಿರುಗಿಸುತ್ತದೆ. ಬಾಲ್ಕನಿಯಲ್ಲಿ ಯಾರೂ ಏನೂ ಇಳಿಸಿಕೊಳ್ಳದಿದ್ದಾಗ ಮೀಟರ್ ಹಿಡಿದರೆ ಸಿಗುವುದು ಆಂಟೆನಾದ ಹಾಜರಿ ಕೂಗು ಮಾತ್ರ, ಅದರ ನಿಜವಾದ ಸಾಮರ್ಥ್ಯ ಅಲ್ಲ. ಹಾಗಾಗಿ ಕ್ಷೇತ್ರದಲ್ಲಿ ಅಳೆಯುವವರು ಈಗ ಕಿರಣವನ್ನು ತಮ್ಮ ಕಡೆಗೆ ಕರೆಯಲು ಒಂದು 5ಜಿ ಫೋನಿನಲ್ಲಿ ದೊಡ್ಡ ಫೈಲು ಇಳಿಸಲು ಹಾಕುತ್ತಾರೆ. ಆ ಫೋನೇ ಪ್ರಸಾರ ಮಾಡಿ ಓದನ್ನು ಕೆಡಿಸಬಾರದೆಂದು ಅದನ್ನು ಪ್ರೋಬಿನಿಂದ ಕೆಲವು ಮೀಟರ್ ಆಚೆ ಇಡುತ್ತಾರೆ, ಆದರೆ ಕಿರಣದ ಅಗಲದೊಳಗೇ ಇರುವಂತೆ. ಎಷ್ಟು ಆಚೆ ಇಡಬೇಕು ಎಂಬುದನ್ನು ಪ್ರತಿ ತಾರಸಿಯಲ್ಲೂ ಹೊಸದಾಗಿ ನೋಡಿಯೇ ತೀರ್ಮಾನಿಸಬೇಕು.